ಎರಡು ಕತ್ತಲು ಸೇರಿದರೆ ಬೆಳಕು

ಕಾಲೇಜು ಹಬ್ಬಕ್ಕೆ ಒಮ್ಮೆ ನಮಗೆ ವೇದಿಕೆಯಷ್ಟೇ ಅಗಲದ ಚಿತ್ರ ಬೇಕಿತ್ತು. ಎರಡು ಪ್ರೊಜೆಕ್ಟರ್ ಬಾಡಿಗೆಗೆ ತಂದೆವು. ಪಕ್ಕಪಕ್ಕ ಇಟ್ಟು ಅರ್ಧರ್ಧ ಚಿತ್ರ ಬಿಟ್ಟರಾಯ್ತು, ಅದರಲ್ಲೇನಿದೆ ಅಂದುಕೊಂಡಿದ್ದೆವು. ಹಾಕಿ ನೋಡಿದರೆ ಎಡಗಡೆಯ ಬಿಳಿ ಹಾಲಿನ ಹಾಗಿದೆ, ಬಲಗಡೆಯದ್ದು ಹಳೇ ಪಂಚೆಯ ಹಾಗೆ. ನಡುವೆ ಬೆರಳಗಲದ ಕಪ್ಪು ಗೆರೆ. ಮೇಜು ಸರಿಸಿ ಗೆರೆ ಮುಚ್ಚಿದೆವು. ಅದೇ ಜಾಗದಲ್ಲಿ ಬೆಳ್ಳಗೆ ಹೊಳೆಯುವ ಪಟ್ಟಿ ಬಂತು! ರಾತ್ರಿ ಒಂದರವರೆಗೂ ಒದ್ದಾಡಿ, ಕೊನೆಗೆ ಒಂದೇ ಪ್ರೊಜೆಕ್ಟರ್‌ಗೆ ಶರಣಾದೆವು.

ಈ ಗೆರೆಯ ಜೊತೆ ದೊಡ್ಡ ದೊಡ್ಡವರೇ ಗುದ್ದಾಡಿದ್ದಾರೆ. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್‌ನಲ್ಲಿ ಜನ ಮೊದಲ ಸಲ ಸಿನೆರಾಮಾ ನೋಡಿದರು. ಫ್ರೆಡ್ ವಾಲರ್ ಕಟ್ಟಿದ ವ್ಯವಸ್ಥೆ ಅದು. ಮೂರು ಪ್ರೊಜೆಕ್ಟರ್, ಮೂರು ರೀಲು, 146 ಡಿಗ್ರಿ ಬಾಗಿದ ಪರದೆ. ಎಡಗಡೆಯ ಪ್ರೊಜೆಕ್ಟರ್ ಬಲಕ್ಕೆ, ಬಲಗಡೆಯದ್ದು ಎಡಕ್ಕೆ ಬೆಳಕು ಚೆಲ್ಲುತ್ತಿತ್ತು. ಪರದೆಯೂ ಒಂದೇ ಬಟ್ಟೆಯಲ್ಲ, ಉದ್ದುದ್ದ ಪಟ್ಟಿಗಳ ಸಾಲು. ಇಲ್ಲದಿದ್ದರೆ ಬಾಗಿದ ಪರದೆಯ ಒಂದು ತುದಿಯ ಬೆಳಕು ಇನ್ನೊಂದು ತುದಿಗೆ ಬಡಿದು ಚಿತ್ರ ಮಂಕಾಗುತ್ತಿತ್ತು. ಒಂದು ರೀಲು ಹರಿದರೆ, ಹಾಳಾದಷ್ಟೇ ಫ್ರೇಮುಗಳನ್ನು ಲೆಕ್ಕ ಹಾಕಿ ಕಪ್ಪು ಫಿಲ್ಮ್ ಅಂಟಿಸಬೇಕು. ಲೆಕ್ಕ ತಪ್ಪಿತೋ, ಕುದುರೆಯ ಮುಖ ಒಂದು ಕ್ಷಣದಲ್ಲಿ, ಬಾಲ ಇನ್ನೊಂದು ಕ್ಷಣದಲ್ಲಿ.

ಗೆರೆಗೆ ಅವರು ಕಂಡುಕೊಂಡ ಮದ್ದು ನನಗೆ ತುಂಬಾ ಇಷ್ಟ. ಫಿಲ್ಮಿನ ಅಂಚಿಗೆ ಬಾಚಣಿಗೆಯಂಥ ಹಲ್ಲಿನ ಪಟ್ಟಿ ಇಟ್ಟು, ಅದು ಮೇಲೆ ಕೆಳಗೆ ಬಿರಬಿರನೆ ಕುಣಿಯುವ ಹಾಗೆ ಮಾಡಿದರು. ಅಂಚಿನ ಬೆಳಕು ಚೂರುಚೂರಾಗಿ ಮಸುಕಾಗುತ್ತಿತ್ತು. ಗೆರೆ ಪೂರ್ತಿ ಹೋಗಲಿಲ್ಲ ಅನ್ನಿ. ಚಿತ್ರ ತೆಗೆಯುವವರು ಆ ಜಾಗಕ್ಕೆ ಸರಿಯಾಗಿ ಮರವೋ ಕಂಬವೋ ಬರುವ ಹಾಗೆ ನೋಡಿಕೊಳ್ಳುತ್ತಿದ್ದರು.

ಇವತ್ತು ಬಾಚಣಿಗೆಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಎರಡು ಚಿತ್ರಗಳನ್ನು ಸ್ವಲ್ಪ ಒಂದರ ಮೇಲೊಂದು ಹೇರಿ, ಆ ಜಾಗದಲ್ಲಿ ಒಂದನ್ನು ಮೆಲ್ಲಗೆ ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಾರೆ. ಇದೇ ಎಡ್ಜ್ ಬ್ಲೆಂಡಿಂಗ್. ಸರಿಯಾಗಿ ನಡುವೆ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಸಾಕು ಅಲ್ವಾ? ಸಾಲದು. ಪಿಕ್ಸೆಲ್‌ನ ಬೆಲೆ 0ಯಿಂದ 255ರವರೆಗೆ ಇರುತ್ತದೆ. ಅದನ್ನು 128 ಮಾಡಿದರೆ ಅರ್ಧ ಬೆಳಕು ಬರುವುದಿಲ್ಲ, ಸುಮಾರು 22 ಶೇಕಡಾ ಮಾತ್ರ. ಕಾರಣ ಗಾಮಾ, ಅಂದರೆ ಅಂಕಿಯೂ ಬೆಳಕೂ ಒಂದೇ ಅಳತೆಯಲ್ಲಿ ಏರದ ಹಾಗೆ ಮಾಡಿದ ಏರ್ಪಾಡು: ನಮ್ಮ ಕಣ್ಣು ಮಬ್ಬು ಬೆಳಕಿನ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ, ಹಾಗಾಗಿ ಜಾಸ್ತಿ ಅಂಕಿಗಳನ್ನು ಕತ್ತಲ ಕಡೆಗೇ ಮೀಸಲಿಟ್ಟಿದ್ದಾರೆ. ಎರಡು ಅರ್ಧ ಸೇರಿದರೆ 44 ಆಯಿತು, ನಡುವೆ ಕಪ್ಪು ಪಟ್ಟಿ. ನಿಜವಾದ ಅರ್ಧ ಬೆಳಕು ಬೇಕಾದರೆ 186ರ ಹತ್ತಿರ ಇಡಬೇಕು.

ಪರದೆ ಬಾಗಿದ್ದರೆ ಚಿತ್ರವನ್ನೇ ಮೊದಲು ಅದಕ್ಕೆ ತಕ್ಕಂತೆ ಸೊಟ್ಟಗೆ ಮಾಡಿ ಬಿಡುತ್ತಾರೆ. ಗೋಡೆಯ ಮೇಲೆ ಚುಕ್ಕಿಗಳನ್ನು ಮೂಡಿಸಿ, ಕ್ಯಾಮೆರಾದಲ್ಲಿ ನೋಡಿ, ಯಾವ ಚುಕ್ಕಿ ಎಲ್ಲಿ ಬಿತ್ತು ಅಂತ ಕಂಪ್ಯೂಟರ್ ತಾನೇ ಲೆಕ್ಕ ಹಾಕುತ್ತದೆ.

ಇನ್ನು ಚಿತ್ರದ ಗಾತ್ರ. 8ಕೆ ವಿಡಿಯೋದ ಒಂದು ಫ್ರೇಮಿನಲ್ಲಿ 3.3 ಕೋಟಿ ಪಿಕ್ಸೆಲ್, ಅಂದರೆ ಸುಮಾರು 100 ಎಂಬಿ. ಸೆಕೆಂಡಿಗೆ 60 ಫ್ರೇಮಾದರೆ 6 ಜಿಬಿ. ಒಂದೇ ಕಂಪ್ಯೂಟರ್ ಇದನ್ನು ಹೊರುವ ಬದಲು, ಪ್ರತಿ ಪ್ರೊಜೆಕ್ಟರ್‌ಗೂ ಒಂದೊಂದು ಕಂಪ್ಯೂಟರ್ ಇಟ್ಟು ಅದರ ಪಾಲನ್ನಷ್ಟೇ ಕೊಡುವುದುಂಟು. ಆಗ ಪಂಕ್ತಿ ಊಟದ ನಿಯಮ: ಎಲ್ಲರದೂ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಎಲ್ಲರ ಫ್ರೇಮೂ ತಯಾರಾದ ಮೇಲೆ ಒಂದೇ ಸಲ ಪರದೆಗೆ. ಸ್ಥಿರ ಚಿತ್ರಕ್ಕೆ ಬೇರೆ ಉಪಾಯ ಇದೆ. ಹಬಲ್ ದೂರದರ್ಶಕ ತೆಗೆದ, 2015ರಲ್ಲಿ ಹೊರಬಂದ ಆಂಡ್ರೊಮಿಡಾ ಚಿತ್ರದಲ್ಲಿ 150 ಕೋಟಿ ಪಿಕ್ಸೆಲ್ ಇವೆ. ಅಂಥದ್ದನ್ನು ಚೌಕ ಚೌಕವಾಗಿ ಕತ್ತರಿಸಿ, ಅದರ ಅರ್ಧ ಅಳತೆಯದ್ದು, ಕಾಲು ಅಳತೆಯದ್ದು ಎಂದು ನಕಲು ಮಾಡಿಟ್ಟಿರುತ್ತಾರೆ. ಕಣ್ಣಿಗೆ ಬೀಳುವ ಚೌಕ ಮಾತ್ರ ತೆರೆದುಕೊಳ್ಳುತ್ತದೆ. ಇಷ್ಟು ನಕಲಿಗೆ ಬೇಕಾಗುವ ಹೆಚ್ಚಿನ ಜಾಗ ಮೂಲದ ಮೂರನೇ ಒಂದು ಪಾಲು, ಅಷ್ಟೇ.

ಇದೆಲ್ಲ ಲೆಕ್ಕಕ್ಕೆ ಬಗ್ಗುತ್ತದೆ. ಬಗ್ಗದ್ದು ಕಪ್ಪು. ಪ್ರೊಜೆಕ್ಟರ್ ಕಪ್ಪು ತೋರಿಸುವಾಗಲೂ ಒಳಗೆ ದೀಪ ಉರಿಯುತ್ತಲೇ ಇರುತ್ತದೆ. ಎಷ್ಟು ತಡೆದರೂ ಒಂಚೂರು ಸೋರುತ್ತದೆ. ಎರಡು ಚಿತ್ರ ಸೇರುವಲ್ಲಿ ಆ ಸೋರಿಕೆ ಎರಡು ಪಟ್ಟು, ನಾಲ್ಕರ ಮೂಲೆ ಸೇರುವಲ್ಲಿ ನಾಲ್ಕು ಪಟ್ಟು. 0ಗಿಂತ ಕೆಳಗೆ ಇಳಿಸೋಣ ಅಂದರೆ ಅಂಕಿಯೇ ಇಲ್ಲ. ಹಾಗಾಗಿ ಉಳಿದ ಜಾಗವನ್ನೇ ಸ್ವಲ್ಪ ಬೆಳಗಿಸಿ ಸಮ ಮಾಡುತ್ತಾರೆ. ಮದುವೆ ವಿಡಿಯೋಗೆ ಇದು ನಡೆಯುತ್ತದೆ. ತಾರಾಲಯದಲ್ಲಿ ನಡೆಯುವುದಿಲ್ಲ. ಅಲ್ಲಿ ತೋರಿಸಬೇಕಾದದ್ದೇ ಕತ್ತಲ ಆಕಾಶ, ನೋಡುವವರ ಕಣ್ಣೂ ಕತ್ತಲಿಗೆ ಒಗ್ಗಿರುತ್ತದೆ. ಎಲ್ಲ ಬೂದು ಬಣ್ಣವಾದರೆ ನಕ್ಷತ್ರ ಎಲ್ಲಿ ಕಾಣಬೇಕು?

ಅಲ್ಲಿ ಸಾಫ್ಟ್‌ವೇರ್ ಕೈಚೆಲ್ಲಿದಾಗ ತಂತ್ರಜ್ಞರು ಮಾಡುವುದು ಇಷ್ಟೇ: ಲೆನ್ಸಿನ ಮುಂದೆ, ಸರಿಯಾದ ಆಕಾರಕ್ಕೆ ಕತ್ತರಿಸಿದ ಒಂದು ತಗಡಿನ ತುಂಡು ಸಿಕ್ಕಿಸುತ್ತಾರೆ. ಅದು ಸೋರುವ ಬೆಳಕನ್ನೂ ತಡೆಯುತ್ತದೆ. ಆಮೇಲೆ ಒಬ್ಬರು ಕತ್ತಲಲ್ಲಿ ಗುಮ್ಮಟದ ಕೆಳಗೆ ನಿಂತು, "ಇನ್ನೊಂಚೂರು ಎಡಕ್ಕೆ" ಅನ್ನುತ್ತಿರಬೇಕು.