ಕೆಡವುವ ಮೊದಲು ನೋಡಿಟ್ಟವರು

ಕೋಟೆ, ಅರಮನೆಗಳಿಗೆ ಹೇಗೋ ಒಬ್ಬ ಕಾವಲುಗಾರ ಸಿಗುತ್ತಾನೆ. ಯಾರಿಗೂ ಗೊತ್ತಾಗದಂತೆ ಹೋಗಿಬಿಡುವುದು ಮುಚ್ಚಿದ ಗಿರಣಿ, ಬಳಕೆ ತಪ್ಪಿದ ರೈಲು ನಿಲ್ದಾಣ, ಬಾಗಿಲು ಹಾಕಿದ ಚಿತ್ರಮಂದಿರ, ಗಣಿ ಕಾರ್ಮಿಕರ ವಸತಿ. ಇಂಥ ಜಾಗಗಳನ್ನು ಹುಡುಕಿಕೊಂಡು ಹೋಗಿ ಚಿತ್ರ ತೆಗೆದಿಡುವವರು ಈಗ ಎಷ್ಟೋ ದೇಶಗಳಲ್ಲಿದ್ದಾರೆ. ಇದು ಮೊಬೈಲ್ ಕಾಲದ ಹುಚ್ಚು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಇದಕ್ಕೆ ನೂರೈವತ್ತು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ.

1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಅಗಲವಾದ ರಸ್ತೆಗಳಿಗಾಗಿ ಹಳೇ ಗಲ್ಲಿಗಳನ್ನು ನೆಲಸಮ ಮಾಡುತ್ತಿದ್ದರು. ಕೆಡವಿಸುತ್ತಿದ್ದ ನಗರಾಡಳಿತವೇ ಚಾರ್ಲ್ಸ್ ಮಾರ್ವಿಲ್ ಎಂಬ ಛಾಯಾಗ್ರಾಹಕನಿಂದ ಅವುಗಳ ಸುಮಾರು 425 ಚಿತ್ರ ತೆಗೆಸಿತು. ಒದ್ದೆಯಾದ ಕಲ್ಲುಹಾಸು, ಗಲ್ಲಿಯ ನಡುವೆಯೇ ಹರಿಯುವ ಚರಂಡಿ, ಗೋಡೆ ತುಂಬಾ ಬರೆದ ಅಂಗಡಿ ಹೆಸರುಗಳು. ಆ ಬೀದಿಗಳು ಹೇಗಿದ್ದವು ಅಂತ ಇವತ್ತು ನಮಗೆ ಗೊತ್ತಿರುವುದು ಬಹುಮಟ್ಟಿಗೆ ಈ ಚಿತ್ರಗಳಿಂದಲೇ.

ಲಂಡನ್‌ನಲ್ಲಿ ಈ ಕೆಲಸ ಶುರು ಮಾಡಿದವರು ಸಾಮಾನ್ಯ ನಾಗರಿಕರು. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಹಳೇ ಪ್ರಯಾಣಿಕರ ತಂಗುಮನೆ ಇತ್ತು. ನಡುವೆ ಅಂಗಳ, ಸುತ್ತಲೂ ಮರದ ಮೊಗಸಾಲೆ. ಅದನ್ನು ಕೆಡವುತ್ತಾರೆ ಅಂತ ಗೊತ್ತಾದಾಗ, 1875ರಲ್ಲಿ, ಕೆಲವರು ಸೇರಿ ಹಳೇ ಲಂಡನ್ನಿನ ಕುರುಹುಗಳ ಚಿತ್ರ ತೆಗೆಸಲೆಂದೇ ಒಂದು ಸಂಘ ಕಟ್ಟಿದರು. ತಂಗುಮನೆ ಉಳಿಯಲಿಲ್ಲ. ಸಂಘ ನಿಲ್ಲಲಿಲ್ಲ. 1886ರ ಹೊತ್ತಿಗೆ 120 ಚಿತ್ರ ಹೊರತಂದಿತ್ತು. ಬೇಗ ಮಾಸದಿರಲಿ ಅಂತ ಕಾರ್ಬನ್ ವಿಧಾನದಲ್ಲಿ ಮುದ್ರಿಸಿದ್ದರು. ಮುಂದೆ ನೋಡುವವರ ಬಗ್ಗೆ ಅವರಿಗೆ ಎಷ್ಟು ಕಾಳಜಿ ಇತ್ತು ಅಲ್ವಾ?

1933ರಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತ. ವಾಸ್ತುಶಿಲ್ಪಿಗಳಿಗೆ ಕೆಲಸವಿರಲಿಲ್ಲ. ಅವರ ಕೈಗೆ ಟೇಪು ಕೊಟ್ಟು ಹಳೇ ಕಟ್ಟಡಗಳ ಅಳತೆ ತೆಗೆಸಿ, ನಕ್ಷೆ ಬರೆಸೋಣ ಎಂದು ಸರ್ಕಾರಿ ವಾಸ್ತುಶಿಲ್ಪಿ ಚಾರ್ಲ್ಸ್ ಪೀಟರ್ಸನ್ ಸೂಚಿಸಿದರು. ಹಾಗೆ ಹುಟ್ಟಿದ ಸಮೀಕ್ಷೆ ಇವತ್ತಿಗೂ ನಡೆಯುತ್ತಿದೆ. ಅದರ ನಕ್ಷೆ, ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಕಾನೂನು ಮಾತ್ರ ಸಾಮಾನ್ಯವಾಗಿ ತಡವಾಗಿಯೇ ಬಂದಿದೆ. ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲು ಶುರು ಮಾಡಿದರು. ಆ ನಗರ ತನ್ನ ಹಳೇ ಕಟ್ಟಡಗಳ ರಕ್ಷಣೆಗೆ ಕಾನೂನು ಮಾಡಿದ್ದು 1965ರಲ್ಲಿ.

ಈ ಕೆಲಸಕ್ಕೆ ಜೀವವನ್ನೇ ತೆತ್ತವರು ಶಿಕಾಗೋದ ಛಾಯಾಗ್ರಾಹಕ ರಿಚರ್ಡ್ ನಿಕಲ್. ಹೆಸರಾಂತ ವಾಸ್ತುಶಿಲ್ಪಿ ಲೂಯಿಸ್ ಸಲಿವನ್ ಕಟ್ಟಿದ ಕಟ್ಟಡಗಳು ಒಂದೊಂದೇ ಬೀಳುತ್ತಿದ್ದ ಕಾಲ. ನಿಕಲ್ ಮೊದಲು ಚಿತ್ರ ತೆಗೆದರು. ಆಮೇಲೆ ಪ್ರತಿಭಟನೆಗೆ ನಿಂತರು. ಅದೂ ಫಲಿಸದಿದ್ದಾಗ ಅರ್ಧ ಕೆಡವಿದ ಕಟ್ಟಡಗಳ ಒಳಗೆ ಹೋಗಿ, ಕೆತ್ತನೆಯ ತುಣುಕುಗಳನ್ನು ಬಿಡಿಸಿ ಹೊತ್ತು ತಂದರು. 1972ರ ಏಪ್ರಿಲ್‌ನಲ್ಲಿ ಹಳೇ ಷೇರುಪೇಟೆ ಕಟ್ಟಡದಲ್ಲಿ ಹೀಗೆ ಒಬ್ಬರೇ ಇದ್ದಾಗ ಅದರ ಒಂದು ಭಾಗ ಕುಸಿಯಿತು. ಅವರ ದೇಹ ಸಿಕ್ಕಿದ್ದು ವಾರಗಳ ನಂತರ. ಆ ಕಟ್ಟಡದ ವ್ಯಾಪಾರದ ಸಭಾಂಗಣವನ್ನು ಉಳಿದ ತುಣುಕುಗಳಿಂದ ಅದೇ ನಗರದ ಕಲಾ ಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿದ್ದಾರೆ. ಅವರ ಸಾವನ್ನು ಸಾಹಸ ಅಂತ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಅವರು ಇನ್ನೂ ಎಷ್ಟೋ ವರ್ಷ ಬದುಕಿ ಕೆಲಸ ಮಾಡಬೇಕಿತ್ತು.

1990ರ ದಶಕದಲ್ಲಿ ಇಂಟರ್ನೆಟ್ ಬಂದ ಮೇಲೆ ಪಾಳುಬಿದ್ದ ಜಾಗಗಳಿಗೆ ನುಗ್ಗುವುದೇ ಒಂದು ಹವ್ಯಾಸವಾಯಿತು. ಒಳ್ಳೆಯ ಚಿತ್ರಗಳು ಬಂದವು, ನಿಜ. ಆದರೆ ಸುಮ್ನೆ ಚೆಂದದ ಪಾಳು ತೋರಿಸಿದರೆ ಅರ್ಧ ಕತೆ ಹೇಳಿದಂತೆ. ಜಪಾನಿನ ಹಾಶಿಮಾ ದ್ವೀಪವನ್ನೇ ನೋಡಿ. ಸಮುದ್ರದಡಿಯ ಕಲ್ಲಿದ್ದಲು ಗಣಿಗಾಗಿ ಅಷ್ಟು ಚಿಕ್ಕ ದ್ವೀಪದಲ್ಲಿ, 1959ರಲ್ಲಿ, ಐದು ಸಾವಿರಕ್ಕೂ ಹೆಚ್ಚು ಜನ ಇದ್ದರು. 1974ರಲ್ಲಿ ಗಣಿ ಮುಚ್ಚಿತು. ಕೆಲವೇ ತಿಂಗಳಲ್ಲಿ ದ್ವೀಪವೇ ಖಾಲಿ. ಅಲ್ಲಿನ ಕಾಂಕ್ರೀಟ್ ವಸತಿ ಕಟ್ಟಡಗಳಲ್ಲಿ ಒಂದು 1916ರದ್ದು. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸಿಡಿದು ಉದುರುತ್ತದೆ. ಈ ದೃಶ್ಯದ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊರಿಯಾ, ಚೀನಾದ ಜನರನ್ನು ಬಲವಂತದಿಂದ ಅಲ್ಲಿ ದುಡಿಸಿದ್ದು ಯಾವ ಗೋಡೆಯ ಚಿತ್ರದಲ್ಲೂ ಕಾಣುವುದಿಲ್ಲ. ಅಲ್ಲಿದ್ದವರನ್ನು ಕೇಳಿ ಬರೆದಿಟ್ಟರೆ ಮಾತ್ರ ಅದು ಉಳಿಯುತ್ತದೆ.

ಅದಕ್ಕೇ ನನಗೆ ಅನಿಸುವುದು, ಇಂಥ ಜಾಗಕ್ಕೆ ಹೋಗುವವರು ಕ್ಯಾಮೆರಾ ತೆಗೆಯುವ ಮೊದಲು ಅಲ್ಲಿ ದುಡಿದವರನ್ನು, ಇದ್ದವರನ್ನು ಹುಡುಕಬೇಕು. ಯಂತ್ರ ಎಲ್ಲಿತ್ತು, ಯಾವ ಬಾಗಿಲಿಂದ ಯಾರು ಬರುತ್ತಿದ್ದರು, ಪಾಳಿ ಬದಲಾಗುವುದು ಯಾವಾಗ ಎಂದು ಕೇಳಬೇಕು. ಕಟ್ಟಡದ ಮಾಲೀಕರ ಅನುಮತಿ ಬೇಕು, ಜೊತೆಗೊಬ್ಬರು ಇರಬೇಕು. ಹಳೇ ಕಾರ್ಖಾನೆಯ ದೂಳಿನಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ನಾರು ಇರಬಹುದು, ಹಲಗೆಯ ನೆಲ ಒಳಗೇ ಕೊಳೆತಿರಬಹುದು. ಪ್ರತಿ ಚಿತ್ರಕ್ಕೂ ದಿನಾಂಕ, ಜಾಗ, ತೆಗೆದ ದಿಕ್ಕು ಬರೆಯಿರಿ. ಒಂದು ಪ್ರತಿಯನ್ನು ಗ್ರಂಥಾಲಯಕ್ಕೋ ದಾಖಲೆ ಸಂಗ್ರಹಕ್ಕೋ ಕೊಡಿ, ಫೋನು ಕೆಟ್ಟರೂ ಅದು ಅಲ್ಲಿರುತ್ತದೆ.