ಒಂದು ದಿನದ ಕಾನ್ಫರೆನ್ಸಿಗೆ ಎರಡು ರಾತ್ರಿಯ ರೈಲು

ಬೆಂಗಳೂರಿನಲ್ಲಿ ಶನಿವಾರ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯ ಒಂದು ದಿನದ ಕಾನ್ಫರೆನ್ಸ್ ಇದೆ ಅಂದರೆ ಕಲಬುರಗಿಯವರ ಲೆಕ್ಕ ಹೀಗಿರುತ್ತದೆ. ಶುಕ್ರವಾರ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಬೇಕು. ಶನಿವಾರ ಬೆಳಗ್ಗೆ ಇಳಿದು, ಸ್ಟೇಷನ್ನಿನಲ್ಲೇ ಮುಖ ತೊಳೆದು ಅಂಗಿ ಬದಲಿಸಿ, ಸಿಕ್ಕಲ್ಲಿ ಇಡ್ಲಿ ತಿಂದು, ಒಂಬತ್ತೂವರೆಯೊಳಗೆ ಹಾಲ್ ಸೇರಬೇಕು. ರಾತ್ರಿ ಮತ್ತೆ ರೈಲು. ಭಾನುವಾರ ಬೆಳಗ್ಗೆ ಮನೆ. ಒಂದು ಹಗಲಿಗೆ ಎರಡು ರಾತ್ರಿ.

ಇದರಲ್ಲಿ ನನಗೆ ಕಷ್ಟ ಅನ್ನಿಸುತ್ತಿದ್ದದ್ದು ಪ್ರಯಾಣ ಅಲ್ಲ. ಸಂಜೆ ನಾಲ್ಕೂವರೆ ಆಯಿತು ಅಂದರೆ ಕಣ್ಣು ಗಡಿಯಾರದ ಮೇಲೆ ಹೋಗುತ್ತಿತ್ತು. ಆ ಟ್ರಾಫಿಕ್ಕಿನಲ್ಲಿ ಮೆಜೆಸ್ಟಿಕ್ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಬೆಂಗಳೂರಿನವರಿಗೇ ಹೇಳಲು ಬರಲ್ಲ. ಹಾಗಾಗಿ ಕೊನೆಯ ಒಂದು ಗಂಟೆ ಬಿಟ್ಟು ಎದ್ದು ಬರುತ್ತಿದ್ದೆ. ಕಾನ್ಫರೆನ್ಸಿನ ಜೀವ ಇರುವುದೇ ಆ ಒಂದು ಗಂಟೆಯಲ್ಲಿ. ಅದಕ್ಕೆ ಲೈಟ್ನಿಂಗ್ ಟಾಕ್ ಅಂತಾರೆ. ಯಾರು ಬೇಕಾದರೂ ಹೆಸರು ಕೊಟ್ಟು ಐದು ನಿಮಿಷ ಮಾತಾಡಬಹುದು. ಹೊಸಬರು ಮೊದಲ ಸಲ ಮೈಕ್ ಹಿಡಿಯುವುದು ಅಲ್ಲೇ. ಮೂರು ಸಲ ಹೋಗಿ ಮೂರು ಸಲವೂ ಅದನ್ನು ತಪ್ಪಿಸಿಕೊಂಡು ಬಂದ ಮೇಲೆ, ಈ ಒಂದು ದಿನದ ಕೂಟ ಅನ್ನುವುದು ಎಲ್ಲಿಂದ ಬಂತು, ಯಾರಿಗಾಗಿ ಬಂತು ಅಂತ ಹುಡುಕಲು ಕೂತೆ.

ಮೊದಲು ಒಂದು ಸಣ್ಣ ಪ್ರಶ್ನೆ. ಒಂದೇ ಕಂಪನಿಯವರು ಸೇರುವುದು ಗೊತ್ತು, ಒಂದೇ ಕಾಲೇಜಿನವರು ಸೇರುವುದೂ ಗೊತ್ತು. ಒಂದೇ ಪ್ರೋಗ್ರಾಮಿಂಗ್ ಭಾಷೆ ಬಳಸುತ್ತೇವೆ ಅನ್ನುವ ಒಂದೇ ಕಾರಣಕ್ಕೆ, ಗುರುತು ಪರಿಚಯ ಇಲ್ಲದವರು ಯಾಕೆ ಸೇರಬೇಕು?

ಪೈಥಾನಿನ ಮಟ್ಟಿಗೆ ಇದಕ್ಕೆ ಉತ್ತರ 1994ರಲ್ಲಿದೆ. ಗೀಡೊ ವಾನ್ ರಾಸಮ್ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, 1989ರ ಡಿಸೆಂಬರ್ ರಜೆಯಲ್ಲಿ ಇದನ್ನು ಬರೆಯಲು ಶುರು ಮಾಡಿದರು. 1991ರ ಫೆಬ್ರವರಿಯಲ್ಲಿ ಅದು ಹೊರಗೆ ಬಂತು. ಬಳಸುವವರು ಮೆಲ್ಲಗೆ ಜಾಸ್ತಿಯಾದರು, ಆದರೆ ಎಲ್ಲವೂ ಒಬ್ಬರ ಮೇಲೆ ನಿಂತಿತ್ತು. 1994ರ ಜೂನ್‌ನಲ್ಲಿ ಅಮೆರಿಕದ ಎನ್ಐಎಸ್‌ಟಿ ಅನ್ನುವ ಸರ್ಕಾರಿ ಸಂಸ್ಥೆಯ ಮೈಕಲ್ ಮೆಕ್ಲೇ ಎಲ್ಲರೆದುರು ಒಂದು ಪ್ರಶ್ನೆ ಇಟ್ಟರು: ಗೀಡೊಗೆ ನಾಳೆ ಬಸ್ ಗುದ್ದಿದರೆ ಪೈಥಾನ್ ಗತಿ ಏನು? ಒರಟು ಪ್ರಶ್ನೆ ಅನ್ನಿಸಬಹುದು. ಆದರೆ ತಮ್ಮ ಕೆಲಸವನ್ನೆಲ್ಲ ಒಂದು ಭಾಷೆಯ ಮೇಲೆ ಕಟ್ಟುತ್ತಿದ್ದವರಿಗೆ ಅದು ಅನ್ನದ ಪ್ರಶ್ನೆ. ಅದೇ ವರ್ಷ ನವೆಂಬರಿನಲ್ಲಿ ಎನ್ಐಎಸ್‌ಟಿಯಲ್ಲೇ ಮೊದಲ ಪೈಥಾನ್ ಕಾರ್ಯಾಗಾರ ನಡೆಯಿತು. ಬಂದವರು ಸುಮಾರು 20 ಜನ. ನಮ್ಮಲ್ಲಿ ಒಂದು ಮನೆಯ ನಾಮಕರಣಕ್ಕೆ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ.

ಆ ಇಪ್ಪತ್ತು ಜನ ಸೇರಿದ್ದು ಭಾಷೆ ಒಬ್ಬರ ಕೈಯಲ್ಲಿ ಉಳಿಯಬಾರದು ಅಂತ. ಭಾಷೆಯನ್ನು ಯಾವ ಕಂಪನಿಯೂ ಮಾರುತ್ತಿರಲಿಲ್ಲ, ಹಾಗಾಗಿ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಬಳಸುವವರ ಮೇಲೇ ಬಿತ್ತು. 2001ರಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿತು. 2018ರ ಜುಲೈನಲ್ಲಿ ಗೀಡೊ ಕೊನೆಯ ಮಾತು ಹೇಳುವ ಸ್ಥಾನ ಬಿಟ್ಟು ಕೆಳಗಿಳಿದರು, 2019ರಿಂದ ಆಯ್ಕೆಯಾದ ಐದು ಜನರ ಸಮಿತಿ ಆ ಕೆಲಸ ಮಾಡುತ್ತಿದೆ. ಭಾಷೆ ನಿಲ್ಲಲಿಲ್ಲ. 1994ರ ಪ್ರಶ್ನೆಗೆ ಉತ್ತರ ಸಿಗಲು 25 ವರ್ಷ ಬೇಕಾಯಿತು.

ಇಲ್ಲಿಂದ ಕಥೆ ದುಡ್ಡಿನ ಕಡೆ ತಿರುಗುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ ಭಾಗ. 1997ರಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಓರೈಲಿ ಪ್ರಕಾಶನ ಪರ್ಲ್ ಅನ್ನುವ ಇನ್ನೊಂದು ಕಂಪ್ಯೂಟರ್ ಭಾಷೆಯ ಮೊದಲ ಕಾನ್ಫರೆನ್ಸ್ ನಡೆಸಿತು. ದೊಡ್ಡ ಹೋಟೆಲ್, ದೊಡ್ಡ ಶುಲ್ಕ. ಕಂಪನಿ ದುಡ್ಡು ಕೊಟ್ಟರೆ ಹೋಗಬಹುದು, ವಿದ್ಯಾರ್ಥಿಗೆ ಆಗದ ಮಾತು. ಕೆವಿನ್ ಲೆಂಜೊ ಅನ್ನುವವರು 1999ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಡಿಮೆ ಖರ್ಚಿನ ಇನ್ನೊಂದನ್ನು ಶುರು ಮಾಡಿದರು. ಹೆಸರೇ ‘ಯೆಟ್ ಅನದರ್ ಪರ್ಲ್ ಕಾನ್ಫರೆನ್ಸ್’, ಅಂದರೆ ಮತ್ತೊಂದು ಪರ್ಲ್ ಸಮ್ಮೇಳನ. ಹೋಟೆಲ್ ಬದಲು ಕಾಲೇಜಿನ ಕೋಣೆ, ನೌಕರರ ಬದಲು ಸ್ವಯಂಸೇವಕರು. ಲೈಟ್ನಿಂಗ್ ಟಾಕ್ ಅನ್ನುವ ಹೆಸರು ಹುಟ್ಟಿದ್ದೂ ಇದೇ ಕೂಟದಲ್ಲಿ, 2000ದಲ್ಲಿ. ಮಾರ್ಕ್ ಜೇಸನ್ ಡಾಮಿನಸ್ ಅದಕ್ಕೆ ಆ ಹೆಸರಿಟ್ಟರು. ನಾನು ಮೂರು ಸಲ ತಪ್ಪಿಸಿಕೊಂಡದ್ದು ಅದನ್ನೇ.

ಪೈಥಾನಿನವರೂ ಅದೇ ದಾರಿ ಹಿಡಿದರು. ಅಲ್ಲಿಯವರೆಗೆ ನಡೆಯುತ್ತಿದ್ದ ದುಬಾರಿ ಸಮ್ಮೇಳನದ ಬದಲು 2003ರಲ್ಲಿ ವಾಷಿಂಗ್ಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಮೊದಲ ಪೈಕಾನ್ ಆಯಿತು. ಅಲ್ಲಿನ ಒಂದು ಪದ್ಧತಿ ನನಗೆ ತುಂಬ ಹಿಡಿಸಿತು. ಎಲ್ಲರೂ ದುಡ್ಡು ಕೊಟ್ಟೇ ಬರುತ್ತಿದ್ದರು, ಭಾಷಣ ಮಾಡುವವರು, ಸಂಘಟಕರು ಕೂಡ. ಕೈಲಾಗದವರಿಗೆ ಸಹಾಯಧನ ಇರುತ್ತಿತ್ತು. ವೇದಿಕೆ ಮೇಲಿನವರಿಗೂ ಕೆಳಗೆ ಕೂತವರಿಗೂ ಟಿಕೆಟ್ ಒಂದೇ. ಹಾರ, ಶಾಲು, ಮುಖ್ಯ ಅತಿಥಿಗಳ ಸಾಲು ನೋಡಿ ಬೆಳೆದ ನಮಗೆ ಇದು ಹೊಸದು ಅಲ್ವಾ?

ಒಂದು ದಿನಕ್ಕೆ ಇಳಿದದ್ದೂ ಇದೇ ಲೆಕ್ಕದಿಂದ. ಎರಡು ದಿನ ಅಂದರೆ ರಾತ್ರಿ ಉಳಿಯಬೇಕು, ಉಳಿಯುವುದು ಅಂದರೆ ಲಾಡ್ಜು, ಲಾಡ್ಜು ಅಂದರೆ ಅರ್ಧ ಜನ ಬರಲ್ಲ. ಒಂದು ದಿನಕ್ಕೆ ಒಂದು ಹಾಲ್, ಒಂದು ಊಟ, ಎರಡು ಸಲ ಚಹಾ ಸಾಕು. ಲಂಡನ್ನಿನ ಪರ್ಲ್ ವರ್ಕ್‌ಶಾಪ್ ಶುರುವಾದದ್ದು ಹೀಗೇ, 2004ರಲ್ಲಿ, ಒಂದೇ ಶನಿವಾರ, ಪ್ರವೇಶ ಉಚಿತ. 2014ರಲ್ಲಿ ಬರ್ಲಿನ್ನಿನಲ್ಲಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರ ಹೆಸರೂ ಓಲಾ, ‘ಜ್ಯಾಂಗೋ ಗರ್ಲ್ಸ್’ ಅನ್ನುವ ಉಚಿತ ಕಾರ್ಯಾಗಾರ ಶುರು ಮಾಡಿದರು. ಜ್ಯಾಂಗೋ ಅಂದರೆ ಪೈಥಾನಿನಲ್ಲಿ ವೆಬ್‌ಸೈಟ್ ಕಟ್ಟುವ ಸಾಧನ. ಕಂಪ್ಯೂಟರ್ ಕೋಡ್ ಅಂದರೆ ಏನೂ ಗೊತ್ತಿಲ್ಲದ ಹುಡುಗಿ ಸಂಜೆಯೊಳಗೆ ತನ್ನದೇ ಒಂದು ವೆಬ್‌ಸೈಟ್ ಮಾಡಬಹುದು ಅನ್ನುವ ಲೆಕ್ಕ ಅದು. ಅದು ಎಷ್ಟೋ ದೇಶಗಳಿಗೆ ಹಬ್ಬಿತು.

ಭಾರತಕ್ಕೆ ಈ ಗಾಳಿ ಬೆಂಗಳೂರಿನ ಮೂಲಕ ಬಂತು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಅನ್ನುವ ಮುಕ್ತ ತಂತ್ರಾಂಶದವರ ಸಮ್ಮೇಳನ ನಡೆಯಿತು. 2009ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲ ಪೈಕಾನ್ ಇಂಡಿಯಾ, 2010ರಲ್ಲಿ ರೂಬಿ ಅನ್ನುವ ಮತ್ತೊಂದು ಭಾಷೆಯವರದು. ಆಮೇಲೆ ಪೈಕಾನ್ ಪುಣೆ, ದಿಲ್ಲಿ, ಹೈದರಾಬಾದ್, ಚೆನ್ನೈ ಅಂತ ಓಡಾಡಿತು. ಎಲ್ಲವೂ ದೊಡ್ಡ ಊರುಗಳೇ.

ನಮ್ಮ ಭಾಗದಲ್ಲಿ ಕಲಿಯುವವರಿಗೇನೂ ಬರ ಇಲ್ಲ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರದ್ದು. ಬೀದರಿನ ಗುರುನಾನಕ್ ದೇವ್ ಕಾಲೇಜು 1980ರದ್ದು. ಭಾಲ್ಕಿಯಲ್ಲೂ ಒಂದಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ವಿಟಿಯು 2022ರ ಪಠ್ಯಕ್ರಮದಲ್ಲಿ ಪೈಥಾನ್ ಮೊದಲ ವರ್ಷಕ್ಕೇ ಬಂದಿದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸೀಟಿನಲ್ಲಿ, ನೌಕರಿಯಲ್ಲಿ ನಮ್ಮವರಿಗೆ ಪಾಲು ಸಿಕ್ಕಿತು. ಆದರೆ ಒಂದೇ ಕಸುಬಿನವರು ಜೊತೆಗೆ ಕೂತು ಮಾತಾಡುವ ಅವಕಾಶವನ್ನು ಯಾವ ಕಾನೂನೂ ತಂದುಕೊಡಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. 2019ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ವಿದ್ಯಾರ್ಥಿಯ ಜೇಬಿಗೆ ಅದು ನಿಲುಕಲ್ಲ. 2024ರ ಮಾರ್ಚಿನಲ್ಲಿ ವಂದೇ ಭಾರತ್ ಬಂತು, ಆದರೆ ಅದು ಇಲ್ಲಿಂದ ನಸುಕಿನಲ್ಲಿ ಹೊರಟು ಬೆಂಗಳೂರು ಮುಟ್ಟುವುದು ಮಧ್ಯಾಹ್ನ. ಅಷ್ಟೊತ್ತಿಗೆ ಕಾನ್ಫರೆನ್ಸಿನ ಊಟ ಮುಗಿದಿರುತ್ತದೆ.

ದೂರ ಅಂದರೆ ಬರೀ ಕಿಲೋಮೀಟರ್ ಅಂತ ನಾನೂ ಅಂದುಕೊಂಡಿದ್ದೆ. ಹೋದ ವರ್ಷ ನಾವು ಏಳೆಂಟು ಗೆಳೆಯರು ಸೇರಿ, ಒಂದು ಭಾನುವಾರ ಒಂದು ಕಾಲೇಜಿನ ಲ್ಯಾಬಿನಲ್ಲಿ ಅರ್ಧ ದಿನ ಕೂತೆವು. ಮೊದಲ ಇಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಒಂದು ಕೈಯೂ ಏಳಲಿಲ್ಲ. ಚಹಾಕ್ಕೆ ಬಿಟ್ಟದ್ದೇ ತಡ, ಶಹಾಪುರದ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದು, “ಸರ, ಪೈಥಾನ್‌ದಾಗ ಕನ್ನಡ ಹೆಸರು ಉಲ್ಟಾ ಮಾಡಿದ್ರ ಗುಡಿಸು ಯಾಕ ಮುಂದ ಹೋಗಿ ನಿಂದರ್ತದ್ರಿ?” ಅಂತ ಕೇಳಿದ. ಆ ದಿನದ ಅತ್ಯುತ್ತಮ ಪ್ರಶ್ನೆ ಅದು.

ಉತ್ತರ ಹೇಳುತ್ತೇನೆ, ಯಾಕೆಂದರೆ ಅದರಲ್ಲೂ ಒಂದು ಇತಿಹಾಸ ಇದೆ. ‘ಕಲಬುರಗಿ’ ಅಂತ ಬರೆದರೆ ನಮ್ಮ ಕಣ್ಣಿಗೆ ಐದು ಅಕ್ಷರ. ಪೈಥಾನ್ 3ರಲ್ಲಿ ಇದರ ಉದ್ದ ಕೇಳಿದರೆ 7 ಅನ್ನುತ್ತದೆ, ಏಕೆಂದರೆ ‘ಬು’ವಿನ ಕೊಂಬು, ‘ಗಿ’ಯ ಗುಡಿಸು ಎರಡನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಹಳೆಯ ಪೈಥಾನ್ 2ರಲ್ಲಿ, ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಬರೆದ ಅದೇ ಪದಕ್ಕೆ 21 ಅಂತ ಬರುತ್ತಿತ್ತು. ಅದು ಅಕ್ಷರ ಬಿಟ್ಟು ಬೈಟ್, ಅಂದರೆ ಕಂಪ್ಯೂಟರ್ ನೆನಪಿನ ಸಣ್ಣ ಅಳತೆ, ಎಣಿಸುತ್ತಿತ್ತು, ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್. ಪದವನ್ನು ಹಿಂದುಮುಂದು ಮಾಡಿದರೆ ಪೈಥಾನ್ 3 ಆ ಏಳನ್ನು ಒಂದೊಂದಾಗಿ ತಿರುಗಿಸುತ್ತದೆ. ಗುಡಿಸು ಎಲ್ಲಕ್ಕಿಂತ ಮುಂದೆ ಬಂದು, ಕೂರಲು ಅಕ್ಷರ ಇಲ್ಲದೆ ನಿಲ್ಲುತ್ತದೆ. ‘ಬ’ದ ಕೊಂಬು ಹೋಗಿ ‘ರ’ಕ್ಕೆ ಅಂಟಿ ‘ರು’ ಆಗುತ್ತದೆ.

ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಹಳೆಯದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಹನ್ನೊಂದು ವರ್ಷ ಈ ಬದಲಾವಣೆ ಎಳೆಯಿತು. ಇಂಗ್ಲಿಷ್ ಮಾತ್ರ ಬರೆಯುವ ಎಷ್ಟೋ ಜನರಿಗೆ ಅದು ಸುಮ್ನೆ ತಲೆನೋವು ಅನ್ನಿಸಿತ್ತು. ನಮಗೆ ಅದರಿಂದ ಸಿಕ್ಕಿದ್ದು ದೊಡ್ಡದು. ಈಗ ವೇರಿಯಬಲ್‌ಗೆ, ಅಂದರೆ ಕೋಡಿನಲ್ಲಿ ಮೌಲ್ಯ ಇಟ್ಟುಕೊಳ್ಳುವ ಡಬ್ಬಿಗೆ, ‘ಬೆಲೆ’ ಅಂತ ಕನ್ನಡದಲ್ಲೇ ಹೆಸರಿಡಬಹುದು. ‘೧೨’ ಅಂತ ಕನ್ನಡ ಅಂಕಿಯಲ್ಲಿ ಬರೆದದ್ದನ್ನು ಸಂಖ್ಯೆ ಮಾಡು ಅಂದರೆ 12 ಅಂತ ಸರಿಯಾಗಿ ಮಾಡಿಕೊಡುತ್ತದೆ. ಇದನ್ನು ತೋರಿಸಿದಾಗ ಇಡೀ ಲ್ಯಾಬು ಎದ್ದು ಕೂತಿತು. ಮೂರನೆಯವರು ಕನ್ನಡದಲ್ಲೇ ಮಾತಾಡಿದರು. ಆಮೇಲೆ ಪ್ರಶ್ನೆ ನಿಲ್ಲಲೇ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಯೂನಿಕೋಡಿಗೆ ಹೇಗೆ ತರುವುದು, ಎಪಿಎಂಸಿಯ ತೊಗರಿ ಧಾರಣೆಯ ಪಟ್ಟಿಯಿಂದ ತಿಂಗಳ ಸರಾಸರಿ ಹೇಗೆ ತೆಗೆಯುವುದು. ಇವು ಬೆಂಗಳೂರಿನ ವೇದಿಕೆಯಲ್ಲಿ ನನ್ನ ಕಿವಿಗೆ ಬೀಳದ ಪ್ರಶ್ನೆಗಳು. ಅಲ್ಲಿಯವರಿಗೆ ಈ ತೊಂದರೆಗಳೇ ಇಲ್ಲವಲ್ಲ.

ಅದಕ್ಕೇ ಈಗ ಪೂರ್ತಿ ಒಂದು ದಿನ ಇಲ್ಲೇ ಮಾಡಬೇಕು ಅಂತ ಕೂತಿದ್ದೇವೆ. ಮಾತು ಕನ್ನಡದಲ್ಲಿ, ಕೋಡ್ ಇದ್ದ ಹಾಗೆ. ಒಂದೇ ಹಾಲ್. ಶಾಲು ಇಲ್ಲ, ಉದ್ಘಾಟನೆ ಇಲ್ಲ. ಟಿಕೆಟ್ ಎಲ್ಲರಿಗೂ ಒಂದೇ, ನನಗೂ ಸೇರಿ. ಊಟ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಏಪ್ರಿಲ್, ಮೇ ಬೇಡ, ಆ ಬಿಸಿಲಲ್ಲಿ ಯಾರನ್ನೂ ಕರೆಯಬಾರದು. ಶರಣಬಸವೇಶ್ವರ ಜಾತ್ರೆಯ ದಿನಗಳೂ ಬೇಡ. ಸೆಮಿಸ್ಟರ್ ಪರೀಕ್ಷೆ ತಪ್ಪಿಸಬೇಕು. ಇದೆಲ್ಲ ಕಳೆದರೆ ಉಳಿಯುವ ಭಾನುವಾರಗಳು ಕಡಿಮೆ, ಆದರೆ ಇವೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದಿದ್ದೇನೆ. ಬೀದರಿನವರು, ಯಾದಗಿರಿಯವರು ಸಂಜೆ ನಾಲ್ಕಕ್ಕೇ ಬಸ್ಸು, ರೈಲು ಅಂತ ಎದ್ದು ಹೊರಡುತ್ತಾರೆ. ಹೆಣ್ಣುಮಕ್ಕಳಿಗೆ ಕತ್ತಲಾಗುವುದರೊಳಗೆ ಮನೆ ಸೇರಬೇಕು ಅಂತ ಫೋನು ಬರುತ್ತಲೇ ಇರುತ್ತದೆ. ಹಾಗಾಗಿ ನಮ್ಮಲ್ಲಿ ಲೈಟ್ನಿಂಗ್ ಟಾಕ್ ಕೊನೆಗೆ ಇರಲ್ಲ. ಊಟ ಆದ ತಕ್ಷಣ, ಎರಡು ಗಂಟೆಗೆ. ಮೊದಲ ಹೆಸರು ಆಗಲೇ ಬರೆದಾಗಿದೆ: ಶಹಾಪುರದ ಹುಡುಗ, ಐದು ನಿಮಿಷ, ವಿಷಯ ಗುಡಿಸು.