ನೀರುಗಂಟಿಗೇ ಪೆಟ್ಟಾದಾಗ

ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಬಾಸ್ಟನ್ನಿನ ಒಂದು ಆಸ್ಪತ್ರೆಗೆ ಒಬ್ಬ ನಾವಿಕ ಬಂದ. ವಿಪರೀತ ತಲೆನೋವು, ಕಣ್ಣು ಮಂಜು. ತಲೆಯ ಹಿಂಭಾಗದಲ್ಲಿ, ನೋಟ ನೋಡಿಕೊಳ್ಳುವ ಜಾಗದಲ್ಲೇ, ರಕ್ತನಾಳಗಳು ಗೋಜಲಾಗಿ ಬೆಳೆದಿದ್ದವು. ತಲೆ ತೆರೆದರೂ ಆ ಗೋಜಲನ್ನು ತೆಗೆಯಲು ಆಗಲಿಲ್ಲ. ಆದರೆ ಅಲ್ಲಿನ ಮೂಳೆ ಹೋಗಿದ್ದರಿಂದ, ಸ್ಟೆತಸ್ಕೋಪ್ ಇಟ್ಟರೆ ಒಳಗೆ ರಕ್ತ ಭೋರ್ ಎಂದು ಹರಿಯುವುದು ಕೇಳುತ್ತಿತ್ತು. ಜಾನ್ ಫುಲ್ಟನ್ ಎಂಬ ವೈದ್ಯರು ಅದಕ್ಕೆ ಕಿವಿಗೊಟ್ಟರು. ನಾವಿಕ ಪೇಪರ್ ಓದಲು ಶುರು ಮಾಡಿದರೆ ಸದ್ದು ಜೋರಾಗುತ್ತಿತ್ತು. ಹೊಗೆಸೊಪ್ಪನ್ನು ಮೂಗಿಗೆ ಹಿಡಿದರೆ ಏನೂ ಆಗುತ್ತಿರಲಿಲ್ಲ. ಫುಲ್ಟನ್ ಇದನ್ನು 1928ರಲ್ಲಿ ಪ್ರಕಟಿಸಿದರು.

ಕೋಟಿಗಟ್ಟಲೆ ಬೆಲೆಯ ಇಂದಿನ ಸ್ಕ್ಯಾನರ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. "ಮೆದುಳಿನ ಇಂಥ ಭಾಗ ಬೆಳಗಿತು" ಎಂದು ಪೇಪರಿನಲ್ಲಿ ಓದುತ್ತೇವೆ, ಅಲ್ವಾ? ಬೆಳಗುವುದು ಏನೂ ಇಲ್ಲ. ಅಲ್ಲಿಗೆ ರಕ್ತ ಜಾಸ್ತಿ ಬಂತು, ಅಷ್ಟೇ. ನರಕೋಶ ಕೆಲಸ ಮಾಡಿತು ಎನ್ನುವುದು ಅದರಿಂದ ನಾವು ಮಾಡಿಕೊಳ್ಳುವ ಊಹೆ.

ಊಹೆ ಸುಳ್ಳೇನಲ್ಲ. ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2. ಆದರೆ ಆಮ್ಲಜನಕದಲ್ಲಿ ಶೇ. 20ರಷ್ಟು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಅಭ್ಯಾಸ ಬೇರೆ ಇಲ್ಲ. ನಮ್ಮ ಕೆರೆ ಬಯಲಿನಲ್ಲಿ ನೀರುಗಂಟಿ ಇರುತ್ತಿದ್ದನಲ್ಲ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಮಡೆ ತಿರುಗಿಸುತ್ತಿದ್ದವನು? ಮೆದುಳಿನಲ್ಲೂ ಅಂಥ ವ್ಯವಸ್ಥೆ ಇದೆ. ಸಣ್ಣ ನಾಳಗಳನ್ನು ಸುತ್ತಿಕೊಂಡ ಸ್ನಾಯುಕೋಶಗಳು, ಪಕ್ಕದಲ್ಲೇ ಕೈಚಾಚಿ ಕೂತ ನಕ್ಷತ್ರದಾಕಾರದ ಕೋಶಗಳು ಎಲ್ಲ ಸೇರಿ ಆ ಕೆಲಸ ಮಾಡುತ್ತವೆ. ನರಕೋಶ ದುಡಿಯತೊಡಗಿದ ಒಂದೆರಡು ಸೆಕೆಂಡಿನಲ್ಲಿ ರಕ್ತ ಏರತೊಡಗುತ್ತದೆ. ಐದಾರು ಸೆಕೆಂಡಿಗೆ ತುಂಬಿ ಹರಿಯುತ್ತದೆ, ಅದೂ ಬೇಕಾದ್ದಕ್ಕಿಂತ ಜಾಸ್ತಿ. ಆಮ್ಲಜನಕ ಕಳೆದುಕೊಂಡ ರಕ್ತ ಸ್ಕ್ಯಾನರಿನ ಅಯಸ್ಕಾಂತದ ಕ್ಷೇತ್ರವನ್ನು ಕೊಂಚ ಕದಡುತ್ತದೆ. ಹೊಸ ರಕ್ತ ನುಗ್ಗಿದಾಗ ಆ ಕದಡು ಇಳಿಯುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ಸೇಜಿ ಒಗಾವಾ 1990ರಲ್ಲಿ ಇಲಿಗಳ ಮೆದುಳಿನಲ್ಲಿ ತೋರಿಸಿದ್ದು ಈ ವ್ಯತ್ಯಾಸವನ್ನು. ರಕ್ತದ ಹರಿವಿನಿಂದ ಮೆದುಳಿನ ಕೆಲಸವನ್ನು ಗುರುತಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಹುಟ್ಟಿದ್ದು ಅಲ್ಲಿಂದ.

ಇದೆಲ್ಲ ನೀರುಗಂಟಿ ಗಟ್ಟಿಮುಟ್ಟಾಗಿದ್ದಾಗಿನ ಮಾತು.

ಲಕ್ವ ಹೊಡೆದಾಗ ಏನಾಗುತ್ತದೆ ನೋಡಿ. ಆರೋಗ್ಯವಂತ ಮೆದುಳಿನಲ್ಲಿ ಪ್ರತಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಹೆಪ್ಪು ಸಿಕ್ಕಿಕೊಂಡು ಇದು 20ರ ಕೆಳಗೆ ಇಳಿದರೆ ನರಕೋಶಗಳು ಸುಮ್ಮನಾಗುತ್ತವೆ. 10ರ ಆಸುಪಾಸಿಗೆ ಬಂದರೆ ಸಾಯತೊಡಗುತ್ತವೆ. ಈ ಎರಡರ ನಡುವೆ ಸಿಕ್ಕಿದ ಭಾಗ ಮಾತು ನಿಲ್ಲಿಸಿದೆ, ಪ್ರಾಣ ಬಿಟ್ಟಿಲ್ಲ. ಗ್ರಹಣದ ಅರೆನೆರಳಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ತುರ್ತು ಸ್ಕ್ಯಾನಿನಲ್ಲಿ ಡಾಕ್ಟರು ಹುಡುಕುವುದು ಈ ಅರೆನೆರಳನ್ನು. ರೋಗಿಯ ತೋಳಿಗೆ ಬಣ್ಣದ್ರವ್ಯ ಚುಚ್ಚಿ, ಅದು ಎಲ್ಲೆಲ್ಲಿಗೆ ತಡವಾಗಿ ತಲುಪಿತು ಎಂದು ನೋಡುತ್ತಾರೆ. ಅರೆನೆರಳು ದೊಡ್ಡದಾಗಿ ಉಳಿದಿದ್ದರೆ, ಆಯ್ದ ರೋಗಿಗಳಲ್ಲಿ 24 ಗಂಟೆಯ ತನಕವೂ ರಕ್ತನಾಳದೊಳಗೆ ತಂತಿ ಹಾಯಿಸಿ ಹೆಪ್ಪು ಎಳೆದು ತೆಗೆಯಬಹುದು ಎಂದು 2018ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಹಾಗಂತ ಕಾಯುವಂತಿಲ್ಲ. ಹೋದ ಒಂದೊಂದು ನಿಮಿಷವೂ ಹೋದದ್ದೇ.

ಗೊಂದಲ ಶುರುವಾಗುವುದು ಆಮೇಲೆ, ಚೇತರಿಕೆಯ ವಾರಗಳಲ್ಲಿ. ರೋಗಿಯನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ "ಬೆರಳು ಆಡಿಸಿ" ಎನ್ನುತ್ತಾರೆ. ಚಿತ್ರದಲ್ಲಿ ಪೆಟ್ಟು ಬಿದ್ದ ಬದಿಯಲ್ಲಿ, ರಕ್ತ ಏರಿದ್ದನ್ನು ತೋರಿಸುವ ಬಣ್ಣ ಮೂಡುವುದಿಲ್ಲ. ನರಕೋಶ ಸುಮ್ಮನಿದೆ ಎಂದು ಬರೆದುಬಿಡಬಹುದೇ? ಕುತ್ತಿಗೆಯ ನಾಳವೇ ಕಟ್ಟಿಕೊಂಡಿದ್ದರೆ, ಮೆದುಳಿನ ಸಣ್ಣ ನಾಳಗಳು ಆಗಲೇ ಪೂರ್ತಿ ಅಗಲವಾಗಿ ನಿಂತಿರುತ್ತವೆ. ತೂಬು ಪೂರ್ತಿ ಎತ್ತಿಯಾಗಿದೆ. ನರಕೋಶ ಎಷ್ಟು ಕೂಗಿದರೂ ಇನ್ನು ಎತ್ತಲು ಜಾಗವಿಲ್ಲ. ಕೆಲವರಲ್ಲಿ ರಕ್ತ ಏರುತ್ತದೆ, ಆದರೆ ನಿಧಾನವಾಗಿ, ಲೆಕ್ಕದ ಐದಾರು ಸೆಕೆಂಡು ದಾಟಿದ ಮೇಲೆ. ಕಂಪ್ಯೂಟರ್ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿರುತ್ತದೆ.

ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ನನಗಂತೂ ತುಂಬ ಇಷ್ಟವಾದದ್ದು. ರೋಗಿಗೆ 15 ಸೆಕೆಂಡ್ ಉಸಿರು ಹಿಡಿಯಲು ಹೇಳುವುದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ನಾಳಗಳು ತಾವಾಗಿ ಹಿಗ್ಗಬೇಕು. ಅದಕ್ಕೂ ಹಿಗ್ಗದ ಜಾಗದಲ್ಲಿ ಬಣ್ಣ ಮೂಡಲಿಲ್ಲವೆಂದು ನರಕೋಶವನ್ನು ದೂರುವುದು ತಪ್ಪು. ನೀರುಗಂಟಿಗೇ ಪೆಟ್ಟಾಗಿದೆ.

ಇಲ್ಲಿಗೆ ನಿಂತಿದ್ದರೆ ಕತೆ ಸಲೀಸಾಗಿತ್ತು: ಚಿತ್ರ ಕಪ್ಪಾಗಿದ್ದರೂ ಒಳಗೆ ಜೀವ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ಒಂದು ತಂಡ 2020ರಲ್ಲಿ ಉಲ್ಟಾ ಸಂಗತಿಯನ್ನು ಮುಂದಿಟ್ಟಿತು. ಅವರು ಇಲಿಗಳ ಮೆದುಳಿಗೆ ತೀರಾ ತೆಳುವಾದ, ಬಳುಕುವ ಎಲೆಕ್ಟ್ರೋಡ್‌ಗಳನ್ನು ಇಳಿಸಿ ನರಕೋಶಗಳ ವಿದ್ಯುತ್ತನ್ನು ನೇರವಾಗಿ ಕೇಳಿದರು. ಅದೇ ಜಾಗಕ್ಕೆ ಲೇಸರ್ ಬೆಳಕು ಬಿಟ್ಟು ರಕ್ತವನ್ನೂ ನೋಡಿದರು. ಲೇಸರ್ ಬಿದ್ದಲ್ಲಿ ಮರಳಿನಂಥ ಚುಕ್ಕೆಗಳು ಮಿನುಗುತ್ತವೆ. ರಕ್ತ ಜೋರಾಗಿ ಹರಿಯುವ ಕಡೆ ಆ ಚುಕ್ಕೆಗಳು ಕಲಸಿಹೋಗುತ್ತವೆ. ಆಮೇಲೆ ಸಣ್ಣದೊಂದು ಲಕ್ವ ಬರಿಸಿ, ದಿನಗಟ್ಟಲೆ, ವಾರಗಟ್ಟಲೆ ಎರಡನ್ನೂ ಅಳೆದರು. ರಕ್ತ ಬೇಗ ಚೇತರಿಸಿಕೊಂಡಿತು. ನರಕೋಶಗಳು ಹಿಂದೆಯೇ ಉಳಿದವು. ಕೆಲವೇ ದಿನಗಳಲ್ಲಿ ಎರಡರ ನಡುವಿನ ಅಂತರ ತೀರಾ ಹೆಚ್ಚಾಯಿತು, ಬಹಳ ಕಾಲ ಹಾಗೇ ಉಳಿಯಿತು. ಬರೀ ರಕ್ತ ನೋಡಿದವರು ಇಲಿ ಸುಧಾರಿಸಿಕೊಂಡಿತು ಎನ್ನುತ್ತಿದ್ದರು.

ಮನುಷ್ಯರ ತಲೆಗೆ ಸುಮ್ನೆ ಎಲೆಕ್ಟ್ರೋಡ್ ಇಳಿಸಲು ಬರುವುದಿಲ್ಲ. ತಲೆಯ ಹೊರಗಿನಿಂದಲೇ ಮೆದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಟೋಪಿ ತೊಡಿಸಿ ಸ್ಕ್ಯಾನರ್ ಒಳಗೆ ಮಲಗಿಸುತ್ತಾರೆ. ಅಯಸ್ಕಾಂತದ ಗದ್ದಲದಲ್ಲಿ ಆ ಸಣ್ಣ ವಿದ್ಯುತ್ತನ್ನು ಹೆಕ್ಕುವುದೇ ಒಂದು ಸಾಹಸ. ವಾರ್ಡಿನಲ್ಲಿ ಅಷ್ಟೆಲ್ಲ ಎಲ್ಲಿ? ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, ಹಾಸಿಗೆ ಹತ್ತಿರ ಬಂದು ತಮ್ಮ ಎರಡು ಬೆರಳು ಚಾಚುತ್ತಾರೆ: "ಎಲ್ಲಿ ಅಜ್ಜಿ, ಗಟ್ಟಿಯಾಗಿ ಹಿಡೀರಿ ನೋಡೋಣ."